ರಕ್ತನಾಳದ ಒಳಪದರ ಮತ್ತು ಸಕ್ಕರೆಯ ಹೊರೆ



ಸಕ್ಕರೆ ಕಾಯಿಲೆಯ ಬಗ್ಗೆ ನಮ್ಮ ಕಡೆ ಭಾಷಣಗಳಿಗೆ ಬರವಿಲ್ಲ. ಏನು ಉಣ್ಣಬೇಕು, ಏನು ಬಿಡಬೇಕು ಎಂಬುದನ್ನು ಹಿರೇಕೆರೂರಿನ ಸಂತೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ಸಕ್ಕರೆ ಹೆಚ್ಚಾದರೆ ಕಣ್ಣು, ಮೂತ್ರಪಿಂಡ, ಕಾಲು ಯಾಕೆ ಕೆಡುತ್ತವೆ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಕಾರಣ ತಿಳಿಯದೆ ಪಾಲಿಸುವ ಪಥ್ಯ ಬಹಳ ದಿನ ನಿಲ್ಲುವುದಿಲ್ಲ ಎಂಬುದು ನನ್ನ ಅನುಭವ. ಅದಕ್ಕಾಗಿ ಇವತ್ತಿನ ಉಪನ್ಯಾಸವನ್ನು ಒಂದೇ ಜಾಗಕ್ಕೆ ಮೀಸಲಿಟ್ಟಿದ್ದೇನೆ: ರಕ್ತನಾಳದ ಒಳಗೋಡೆಯ ಜೀವಕೋಶ. ಆ ಕೋಶಕ್ಕೆ ಹುಟ್ಟಿನಿಂದಲೇ ಬಂದಿರುವ ರಕ್ಷಣೆ ಏನು, ರಕ್ತದಲ್ಲಿ ಸಕ್ಕರೆ ಏರಿದಾಗ ಆ ರಕ್ಷಣೆಗೆ ಏನಾಗುತ್ತದೆ, ಅದನ್ನು ಉಳಿಸಿಕೊಳ್ಳುವ ದಾರಿ ಯಾವುದು ಎಂಬಷ್ಟೇ ನನ್ನ ವಿಷಯ.

ನಮ್ಮ ದೇಹದ ಪ್ರತಿಯೊಂದು ರಕ್ತನಾಳದ ಒಳಮೈಗೂ, ಹೆಬ್ಬೆರಳಿನ ಗಾತ್ರದ ಮಹಾಪಧಮನಿಯಿಂದ ಹಿಡಿದು ಕೂದಲಿಗಿಂತ ತೆಳುವಾದ ಲೋಮನಾಳದವರೆಗೆ, ಒಂದೇ ಒಂದು ಸಾಲು ಕೋಶಗಳ ಪದರವಿದೆ. ಇದಕ್ಕೆ ಎಂಡೋಥೀಲಿಯಂ ಎನ್ನುತ್ತಾರೆ. ಬಹುಕಾಲ ಇದನ್ನು ಬರೀ ಹೊದಿಕೆ ಎಂದು ತಿಳಿದಿದ್ದರು. 1980ರಲ್ಲಿ ಅಮೆರಿಕದ ರಾಬರ್ಟ್ ಫರ್ಚ್‌ಗಾಟ್, ಮೊಲದ ಮಹಾಪಧಮನಿಯ ತುಣುಕುಗಳ ಮೇಲೆ ಪ್ರಯೋಗ ಮಾಡುತ್ತಿದ್ದಾಗ, ಒಳಪದರ ಉಜ್ಜಿಹೋದ ತುಣುಕು ಸಡಿಲಗೊಳ್ಳುವುದಿಲ್ಲ, ಒಳಪದರ ಉಳಿದಿರುವ ತುಣುಕು ಸಡಿಲಗೊಳ್ಳುತ್ತದೆ ಎಂಬುದನ್ನು ತೋರಿಸಿದರು. ಆ ಪದರ ಏನನ್ನೋ ಸ್ರವಿಸಿ ನಾಳವನ್ನು ಹಿಗ್ಗಿಸುತ್ತಿತ್ತು. ಅದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವೆಂದು ಮುಂದೆ ಗೊತ್ತಾಯಿತು. ಫರ್ಚ್‌ಗಾಟ್, ಇಗ್ನಾರೊ, ಮುರಾಡ್ ಮೂವರಿಗೂ 1998ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ನಾಳ ಹಿಗ್ಗುವುದು, ರಕ್ತ ಹೆಪ್ಪುಗಟ್ಟದೆ ಹರಿಯುವುದು, ಬಿಳಿ ರಕ್ತಕಣಗಳು ಸುಮ್ಮಸುಮ್ಮನೆ ಗೋಡೆಗೆ ಅಂಟದಿರುವುದು, ಇವೆಲ್ಲ ಈ ಒಂದು ಅನಿಲವನ್ನು ನೆಚ್ಚಿಕೊಂಡಿವೆ. ಹುಟ್ಟಿದ ಕೆಲವೇ ಕ್ಷಣಗಳಲ್ಲಿ ಅದು ಕರಗಿಹೋಗುತ್ತದೆ; ಕೋಶ ಅದನ್ನು ಬಿಡುವಿಲ್ಲದೆ ತಯಾರಿಸುತ್ತಲೇ ಇರಬೇಕು.

ಈ ಕೋಶಗಳನ್ನು ಹತ್ತಿರದಿಂದ ನೋಡಿದ್ದು ಹೇಗೆ? ಹೆರಿಗೆಯಾದ ಮೇಲೆ ನಾವು ಹೂಳುವ ಮಾಸು ಮತ್ತು ಹೊಕ್ಕುಳಬಳ್ಳಿಯಿಂದ. ಬಳ್ಳಿಯಲ್ಲಿ ಒಂದು ಅಗಲವಾದ ಅಭಿಧಮನಿ ಇರುತ್ತದೆ. ಅದರೊಳಗಿನ ರಕ್ತವನ್ನು ಉಪ್ಪಿನ ದ್ರಾವಣದಿಂದ ತೊಳೆದು, ಎರಡೂ ತುದಿ ಬಿಗಿದು, ಒಳಗೆ ಕೊಲ್ಲಾಜಿನೇಸ್ ಎಂಬ ಕಿಣ್ವದ ದ್ರಾವಣ ತುಂಬಿ, ಮೈಬಿಸಿಯಷ್ಟೇ ಶಾಖದಲ್ಲಿ ಸ್ವಲ್ಪ ಹೊತ್ತು ಇಡುತ್ತಾರೆ. ಗೋಡೆಯ ಹಿಡಿತ ಸಡಿಲವಾಗಿ ಒಳಪದರದ ಕೋಶಗಳು ಕಳಚಿ ದ್ರಾವಣದಲ್ಲಿ ತೇಲುತ್ತವೆ. ಅವುಗಳನ್ನು ತಟ್ಟೆಗೆ ಹಾಕಿ ಪೋಷಕ ದ್ರವ ಕೊಟ್ಟರೆ ಕೆಲವು ದಿನಗಳಲ್ಲಿ ತಟ್ಟೆಯ ತಳದ ತುಂಬ ಹರಡಿ, ಅಂಚಿಗೆ ಅಂಚು ತಾಗಿಸಿ, ಎಲ್ಲೂ ಸಂದು ಬಿಡದೆ ಕೂರುತ್ತವೆ. ಒಂದರ ಮೇಲೊಂದು ಹತ್ತುವುದಿಲ್ಲ. ತಟ್ಟೆಯಲ್ಲೂ ಅವು ಒಂದೇ ಸಾಲು. 1973ರಲ್ಲಿ ಎರಿಕ್ ಜಾಫಿ ಮತ್ತು ಅವರ ಜೊತೆಗಾರರು ಈ ವಿಧಾನವನ್ನು ಗಟ್ಟಿಗೊಳಿಸಿದ ಮೇಲೆ ಲೋಕದ ಎಲ್ಲ ಪ್ರಯೋಗಾಲಯಗಳಿಗೂ ಇದೇ ರೂಢಿಯಾಯಿತು.

ಇನ್ನು ರಕ್ಷಣೆಯ ವಿಷಯ. ಉಸಿರಾಡುವ ಪ್ರತಿಯೊಂದು ಕೋಶದಲ್ಲೂ ಆಮ್ಲಜನಕದ ಸ್ವಲ್ಪ ಭಾಗ ಅರೆಬರೆ ಕೆಲಸ ಮುಗಿಸಿ ಸೂಪರ್‌ಆಕ್ಸೈಡ್ ಎಂಬ ಉಗ್ರ ರೂಪ ತಾಳುತ್ತದೆ. ಅದನ್ನು ಹಿಡಿದು ಹೈಡ್ರೊಜನ್ ಪೆರಾಕ್ಸೈಡ್ ಆಗಿ ಬದಲಿಸುವ ಕಿಣ್ವ ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್. ಇದರ ಕೆಲಸವನ್ನು 1969ರಲ್ಲಿ ಗುರುತಿಸಿದವರು ಮೆಕಾರ್ಡ್ ಮತ್ತು ಫ್ರಿಡೊವಿಚ್. ಕೋಶರಸದಲ್ಲಿ ಇರುವ ಬಗೆಗೆ ತಾಮ್ರ ಮತ್ತು ಸತು ಬೇಕು. ಕೋಶದ ಶಕ್ತಿ ತಯಾರಾಗುವ ಮೈಟೊಕಾಂಡ್ರಿಯದೊಳಗಿನ ಬಗೆಗೆ ಮ್ಯಾಂಗನೀಸ್ ಬೇಕು. ಮುಂದಿನ ಹಂತದಲ್ಲಿ ಕ್ಯಾಟಲೇಸ್ ಮತ್ತು ಗ್ಲುಟಾಥಯೋನ್ ಪೆರಾಕ್ಸಿಡೇಸ್ ಎಂಬ ಕಿಣ್ವಗಳು ಆ ಪೆರಾಕ್ಸೈಡನ್ನು ನೀರಾಗಿಸುತ್ತವೆ. ಗ್ಲುಟಾಥಯೋನ್ ಎಂಬುದು ಮೂರು ಅಮೈನೊ ಆಮ್ಲಗಳಿಂದ ಕೋಶವೇ ಕಟ್ಟಿಕೊಳ್ಳುವ ಸಣ್ಣ ಅಣು. ಒಮ್ಮೆ ಕೆಲಸ ಮಾಡಿದರೆ ಅದು ದಣಿಯುತ್ತದೆ. ಅದನ್ನು ಮತ್ತೆ ಹದಕ್ಕೆ ತರಲು ಎನ್‌ಎಡಿಪಿಎಚ್ ಎಂಬ ಇನ್ನೊಂದು ಅಣು ಬೇಕು. ಈ ಹೆಸರನ್ನು ದಯವಿಟ್ಟು ನೆನಪಿನಲ್ಲಿಡಿ, ಇಡೀ ಕಥೆ ಕೊನೆಗೆ ಬಂದು ನಿಲ್ಲುವುದು ಅದರ ಹತ್ತಿರವೇ.

ಈಗ ಸಕ್ಕರೆ. ಸ್ನಾಯುವಿನ ಕೋಶಕ್ಕೆ ಗ್ಲುಕೋಸ್ ಹೆಚ್ಚಾಗಿ ಒಳಬರಬೇಕಾದರೆ ಇನ್ಸುಲಿನ್‌ನ ಅಪ್ಪಣೆ ಬೇಕು. ರಕ್ತನಾಳದ ಒಳಪದರಕ್ಕೆ ಆ ಅಪ್ಪಣೆ ಬೇಕಿಲ್ಲ. ರಕ್ತದಲ್ಲಿ ಎಷ್ಟು ಏರುತ್ತದೆಯೋ ಒಳಗೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ, ಬಾಗಿಲು ಮುಚ್ಚಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಮೂತ್ರಪಿಂಡದ ಸೋಸುಗಂಟಿನ ಕೆಲವು ಕೋಶಗಳದ್ದೂ, ನರತಂತುವನ್ನು ಸುತ್ತಿರುವ ಕೋಶಗಳದ್ದೂ ಇದೇ ಪಾಡು. ಸಕ್ಕರೆ ಕಾಯಿಲೆ ಎಲ್ಲ ಅಂಗಗಳನ್ನೂ ಸಮನಾಗಿ ಕೆಡಿಸದೆ ಕಣ್ಣಿನ ಪರದೆ, ಮೂತ್ರಪಿಂಡ, ನರಗಳನ್ನೇ ಆರಿಸಿಕೊಂಡು ಹೊಡೆಯುವುದಕ್ಕೆ ಇದು ಮುಖ್ಯ ಕಾರಣ.

ಒಳಬಂದ ಗ್ಲುಕೋಸ್ ಮೈಟೊಕಾಂಡ್ರಿಯದಲ್ಲಿ ಉರಿಯುತ್ತದೆ. ಮಿತಿಮೀರಿ ಬಂದಾಗ ಸೂಪರ್‌ಆಕ್ಸೈಡ್ ಕೂಡ ಮಿತಿಮೀರುತ್ತದೆ. ನ್ಯೂಯಾರ್ಕಿನ ಮೈಕೆಲ್ ಬ್ರೌನ್‌ಲೀ ಮತ್ತು ಸಂಗಡಿಗರು 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದ್ದು ಇದನ್ನೇ: ಒಳಪದರದ ಕೋಶಗಳಲ್ಲಿ ಈ ಹೆಚ್ಚುವರಿ ಸೂಪರ್‌ಆಕ್ಸೈಡನ್ನು ತಡೆದುಬಿಟ್ಟರೆ, ಅಲ್ಲಿಯವರೆಗೆ ಬೇರೆಬೇರೆ ಎಂದು ತಿಳಿದಿದ್ದ ಕೇಡಿನ ದಾರಿಗಳೆಲ್ಲ ಒಟ್ಟಿಗೆ ಮುಚ್ಚುತ್ತವೆ. ಸೂಪರ್‌ಆಕ್ಸೈಡ್ ಹೆಚ್ಚಾದಾಗ ಕೋಶದ ಡಿಎನ್‌ಎ ಪೆಟ್ಟು ತಿನ್ನುತ್ತದೆ. ಅದನ್ನು ರಿಪೇರಿ ಮಾಡಹೋದ ವ್ಯವಸ್ಥೆ ಗ್ಲುಕೋಸ್ ಒಡೆಯುವ ಸಾಲಿನ ನಡುವಿನ ಒಂದು ಕಿಣ್ವವನ್ನು ಮಂಕಾಗಿಸುತ್ತದೆ. ಮುಂದಕ್ಕೆ ಹೋಗಲಾಗದ ಸಕ್ಕರೆ ಅಡ್ಡದಾರಿಗಳಿಗೆ ನುಗ್ಗುತ್ತದೆ. ಅಂಥ ಒಂದು ಅಡ್ಡದಾರಿಯಲ್ಲಿ ಗ್ಲುಕೋಸ್ ಸಾರ್ಬಿಟಾಲ್ ಆಗುತ್ತದೆ, ಈ ಬದಲಾವಣೆಗೆ ಖರ್ಚಾಗುವುದು ಎನ್‌ಎಡಿಪಿಎಚ್!

ನಮ್ಮ ಭಾಗದ ಮದಗದ ಕೆರೆಯ ಬಯಲಿನಲ್ಲಿ ಗದ್ದೆ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೂಬಿನ ಹತ್ತಿರದವರು ನೀರು ಹಿಡಿದುಕೊಂಡರೆ ಕಾಲುವೆಯ ಕೊನೆಯ ಹೊಲಕ್ಕೆ ನೀರು ತಲುಪುವುದಿಲ್ಲ. ಇಲ್ಲಿ ಕೊನೆಯ ಹೊಲ ಗ್ಲುಟಾಥಯೋನ್. ಅದು ದಣಿದು ಬಿದ್ದಿರುತ್ತದೆ, ಎಬ್ಬಿಸಲು ಬೇಕಾದ ಎನ್‌ಎಡಿಪಿಎಚ್ ಮೇಲೆಯೇ ಮುಗಿದಿರುತ್ತದೆ. ಸಾಲದ್ದಕ್ಕೆ, ಎನ್‌ಎಡಿಪಿಎಚ್ ತಯಾರಿಸುವ ಮುಖ್ಯ ಕಿಣ್ವವೂ ಹೆಚ್ಚು ಸಕ್ಕರೆಯಲ್ಲಿ ಕುಂದುತ್ತದೆ ಎಂದು ದನದ ಮಹಾಪಧಮನಿಯ ಕೋಶಗಳಲ್ಲಿ ಕಂಡುಬಂದಿದೆ. ಥಯೊರೆಡಾಕ್ಸಿನ್ ಎಂಬ ಇನ್ನೊಂದು ರಕ್ಷಕವನ್ನು ಕಟ್ಟಿಹಾಕುವ ಪ್ರೊಟೀನೂ ಸಕ್ಕರೆ ಏರಿದಾಗ ಹೆಚ್ಚುತ್ತದೆ. ಅಂದರೆ ಸಕ್ಕರೆ ಎರಡು ಕೆಲಸ ಒಟ್ಟಿಗೆ ಮಾಡುತ್ತದೆ: ಸೂಪರ್‌ಆಕ್ಸೈಡಿನ ಕಿಡಿಗಳನ್ನು ಹೆಚ್ಚಿಸುತ್ತದೆ, ಅವುಗಳನ್ನು ಆರಿಸಬೇಕಾದ ಬಲವನ್ನೂ ಕಸಿಯುತ್ತದೆ.

ಇದರ ಮೊದಲ ಬಲಿ ನೈಟ್ರಿಕ್ ಆಕ್ಸೈಡ್. ಸೂಪರ್‌ಆಕ್ಸೈಡ್ ಅದರ ಜೊತೆ ಕೂಡುವ ವೇಗ, ಡಿಸ್ಮ್ಯುಟೇಸ್ ಕೈಗೆ ಸಿಗುವ ವೇಗಕ್ಕಿಂತಲೂ ಹೆಚ್ಚು. ಎರಡೂ ಸೇರಿ ಪೆರಾಕ್ಸಿನೈಟ್ರೈಟ್ ಎಂಬ ಇನ್ನೂ ಕೆಟ್ಟ ವಸ್ತು ಹುಟ್ಟುತ್ತದೆ. ಅದು ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವದ ಸಹಾಯಕ ಅಣುವನ್ನೇ ಕೆಡಿಸುತ್ತದೆ. ಆಮೇಲೆ ಆ ಕಿಣ್ವ ನೈಟ್ರಿಕ್ ಆಕ್ಸೈಡ್ ಬಿಟ್ಟು ತಾನೇ ಸೂಪರ್‌ಆಕ್ಸೈಡ್ ತಯಾರಿಸತೊಡಗುತ್ತದೆ.

ಇಷ್ಟು ಕೇಳಿದ ಮೇಲೆ, ಸಕ್ಕರೆ ಏರಿದ ಕೂಡಲೇ ಕೋಶದ ಈ ರಕ್ಷಕ ಕಿಣ್ವಗಳು, ಅಂದರೆ ಆಂಟಿಆಕ್ಸಿಡೆಂಟ್ ಕಿಣ್ವಗಳು, ಕಡಿಮೆಯಾಗುತ್ತವೆ ಎಂದು ನೀವು ಊಹಿಸಬಹುದು. ಬಹಳ ಪುಸ್ತಕಗಳಲ್ಲೂ ಹಾಗೇ ಬರೆದಿರುತ್ತದೆ. ಆದರೆ ಇಟಲಿಯ ಆಂಟೋನಿಯೊ ಚೆರಿಯೆಲ್ಲೊ ಮತ್ತು ಅವರ ತಂಡ 1996ರಲ್ಲಿ ‘ಡಯಾಬಿಟೀಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ಬೇರೆಯೇ ಚಿತ್ರ ಕೊಟ್ಟಿತು. ಹೊಕ್ಕುಳಬಳ್ಳಿಯ ಕೋಶಗಳನ್ನು ಎರಡು ಪಾಲು ಮಾಡಿದರು. ಒಂದಕ್ಕೆ ಕೊಟ್ಟ ಗ್ಲುಕೋಸ್ 5 ಮಿಲಿಮೋಲ್, ಇನ್ನೊಂದಕ್ಕೆ 20. ನಮ್ಮ ಲ್ಯಾಬ್ ಚೀಟಿಯ ಲೆಕ್ಕದಲ್ಲಿ 90 ಮತ್ತು 360. 360 ಎಂಬ ಅಂಕಿ ಈ ಸಭೆಯಲ್ಲಿ ಕೂತವರ ಎಷ್ಟೋ ಮನೆಗಳಿಗೆ ಪರಿಚಿತ, ಗ್ಲುಕೋಮೀಟರಿನ ಕಿಟಕಿಯಲ್ಲಿ ಅದನ್ನು ನೋಡಿಯೂ ‘ಏನೂ ತ್ರಾಸ ಇಲ್ರಿ’ ಎಂದು ಎದ್ದುಹೋದವರಿದ್ದಾರೆ. ತಟ್ಟೆಯ ಕೋಶಗಳಿಗೆ ಮಾತ್ರ ತ್ರಾಸವಾಗಿತ್ತು. ಹೆಚ್ಚು ಸಕ್ಕರೆಯಲ್ಲಿ ಬೆಳೆದ ಕೋಶಗಳು ತಾಮ್ರ-ಸತುವಿನ ಡಿಸ್ಮ್ಯುಟೇಸ್, ಕ್ಯಾಟಲೇಸ್, ಗ್ಲುಟಾಥಯೋನ್ ಪೆರಾಕ್ಸಿಡೇಸ್ ಮೂರನ್ನೂ ಹೆಚ್ಚು ತಯಾರಿಸಿದ್ದವು. ಮೈಟೊಕಾಂಡ್ರಿಯದ ಮ್ಯಾಂಗನೀಸ್ ಡಿಸ್ಮ್ಯುಟೇಸ್ ಮಾತ್ರ ಇದ್ದಷ್ಟೇ ಇತ್ತು.

ಈ ಫಲಿತಾಂಶವನ್ನು ನಾನು ಬಹಳ ಮಹತ್ವದ್ದೆಂದು ಭಾವಿಸುತ್ತೇನೆ. ಒಳಪದರದ ಕೋಶ ಸುಮ್ಮನೆ ಹೊಡೆತ ತಿನ್ನುತ್ತ ಕೂರುವುದಿಲ್ಲ. ಅಪಾಯವನ್ನು ಗುರುತಿಸಿ, ಜೀನುಗಳನ್ನು ಎಬ್ಬಿಸಿ, ರಕ್ಷಣೆಯನ್ನು ಏರಿಸಿಕೊಳ್ಳುತ್ತದೆ. ಕಾಯಿಲೆಯ ಮೊದಲ ವರ್ಷಗಳಲ್ಲಿ ರೋಗಿಗೆ ಏನೂ ಅನ್ನಿಸದಿರುವುದಕ್ಕೆ ಈ ಹೋರಾಟವೂ ಒಂದು ಕಾರಣವಿರಬಹುದು ಎಂದು ನನ್ನ ಎಣಿಕೆ. ಆದರೆ ಸೂಪರ್‌ಆಕ್ಸೈಡ್ ಹುಟ್ಟುವ ಜಾಗ ಮೈಟೊಕಾಂಡ್ರಿಯ, ಅಲ್ಲಿಯ ಕಾವಲು ಹೆಚ್ಚಲಿಲ್ಲ ಎಂಬುದನ್ನೂ ಗಮನಿಸಬೇಕು. ಕಿಣ್ವ ಎಷ್ಟೇ ಇದ್ದರೂ ಅದಕ್ಕೆ ಒದಗಬೇಕಾದ ಗ್ಲುಟಾಥಯೋನ್ ದಣಿದಿದ್ದರೆ ಕೆಲಸ ನಡೆಯುವುದಿಲ್ಲ ಎಂಬುದನ್ನೂ ಈಗಾಗಲೇ ಹೇಳಿದೆ.

ಎಲ್ಲರ ಕೋಶಗಳೂ ಒಂದೇ ರೀತಿ ಎದ್ದು ನಿಲ್ಲುವುದಿಲ್ಲ. ಅದೇ ತಂಡ 2000ದಲ್ಲಿ ಒಂದನೇ ಬಗೆಯ ಸಕ್ಕರೆ ಕಾಯಿಲೆಯವರ ಚರ್ಮದ ಕೋಶಗಳನ್ನು ಬೆಳೆಸಿ ನೋಡಿತು. ಮೂತ್ರಪಿಂಡ ಚೆನ್ನಾಗಿದ್ದವರ ಕೋಶಗಳು ಹೆಚ್ಚು ಸಕ್ಕರೆ ಸಿಕ್ಕಾಗ ರಕ್ಷಕ ಕಿಣ್ವಗಳನ್ನು ಏರಿಸಿಕೊಂಡವು. ಮೂತ್ರಪಿಂಡ ಕೆಟ್ಟವರ ಕೋಶಗಳಿಗೆ ಅದು ಸಾಧ್ಯವಾಗಲಿಲ್ಲ. ‘ಅವರಿಗೆ ಇಪ್ಪತ್ತು ವರ್ಷದಿಂದ ಶುಗರ್ ಐತಿ, ಏನೂ ಆಗಿಲ್ಲ, ನನಗ್ಯಾಕ ಐದೇ ವರ್ಷಕ್ಕ ಕಿಡ್ನಿ ಹೋತು’ ಎಂದು ಕೇಳುವವರಿಗೆ ನನ್ನ ಹತ್ತಿರ ಇರುವ ಒಂದು ಉತ್ತರ ಇದು. ನೆರೆಯವರ ದೇಹವನ್ನು ನೋಡಿ ನಮ್ಮ ಗುಳಿಗೆಯ ಲೆಕ್ಕ ಹಾಕುವ ಹಾಗಿಲ್ಲ.

ಸಕ್ಕರೆಯ ಏರಿಳಿತದ ಮಾತನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ನಮ್ಮ ಕಡೆಯ ಬದುಕಿಗೆ ಇದು ನೇರವಾಗಿ ತಾಗುತ್ತದೆ. 2003ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಹೊಕ್ಕುಳಬಳ್ಳಿಯ ಕೋಶಗಳ ಒಂದು ಗುಂಪನ್ನು 14 ದಿನ 5 ಮಿಲಿಮೋಲ್ ಗ್ಲುಕೋಸಿನಲ್ಲಿ, ಇನ್ನೊಂದನ್ನು 20ರಲ್ಲಿ, ಮೂರನೆಯದನ್ನು ಒಂದು ದಿನ 5, ಮರುದಿನ 20 ಹೀಗೆ ಬದಲಿಸುತ್ತ ಇಟ್ಟರು. ಹೆಚ್ಚು ಕೋಶಗಳು ಸತ್ತಿದ್ದು ಮೂರನೆಯ ಗುಂಪಿನಲ್ಲಿ. ಸದಾ ಏರಿದ್ದ ಸಕ್ಕರೆಗಿಂತ ಏರಿ ಇಳಿಯುವ ಸಕ್ಕರೆ ಹೆಚ್ಚು ಕೇಡು ಮಾಡಿತ್ತು, ಉತ್ಕರ್ಷಣದ, ಅಂದರೆ ಈ ಕಿಡಿಗಳ ಹಾನಿಯ, ಗುರುತುಗಳೂ ಅಲ್ಲೇ ಹೆಚ್ಚಿದ್ದವು. ತಟ್ಟೆಯ ಕೋಶಕ್ಕೂ ಮನುಷ್ಯನಿಗೂ ಅಂತರವಿದೆ, ಒಪ್ಪುತ್ತೇನೆ. ಆದರೂ ನಮ್ಮಲ್ಲಿ ಗುಳಿಗೆ ನುಂಗುವ ರೀತಿ ನೋಡಿ. ಗೋವಿನಜೋಳದ ರಾಶಿ, ಬೀಜೋತ್ಪಾದನೆಯ ಹೊಲಗಳಲ್ಲಿ ಕ್ರಾಸಿಂಗ್ ಕೆಲಸ ಇವುಗಳ ಹೊತ್ತಿಗೆ ಹೆಣ್ಣುಮಕ್ಕಳು ನಸುಕಿನಲ್ಲಿ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಊಟ ಮಧ್ಯಾಹ್ನ ಎಷ್ಟೊತ್ತಿಗೋ. ಗುಳಿಗೆ ಮನೆಯಲ್ಲಿ ಗೂಡಿನೊಳಗೆ. ಪರೀಕ್ಷೆಗೆ ಹೋಗುವ ಹಿಂದಿನ ಎರಡು ದಿನ ಪಥ್ಯ ಮಾಡಿ ಗುಳಿಗೆ ನುಂಗಿ, ಖಾಲಿಹೊಟ್ಟೆಯ ಅಂಕಿ 110 ಬಂದರೆ ‘ಕಮ್ಮಿ ಆಗೇತಿ’ ಎಂದು ಬಿಟ್ಟುಬಿಡುವುದು. ಆ ಒಂದು ಬೆಳಗಿನ ಅಂಕಿ ಆ ವ್ಯಕ್ತಿಯ ರಕ್ತನಾಳದ ಬಗ್ಗೆ ಏನನ್ನೂ ಹೇಳುವುದಿಲ್ಲ. ಊಟವಾದ 2 ಗಂಟೆಯ ಅಂಕಿ, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ, ಇವೆರಡನ್ನೂ ಜೊತೆಗಿಟ್ಟು ಓದಬೇಕು.

ಈ ಕೋಶಗಳಿಗೆ ನೆನಪೂ ಇದೆ. 2008ರಲ್ಲಿ ಮಹಾಪಧಮನಿಯ ಒಳಪದರದ ಕೋಶಗಳನ್ನು 16 ಗಂಟೆ ಮಾತ್ರ ಹೆಚ್ಚು ಸಕ್ಕರೆಯಲ್ಲಿಟ್ಟು ಆಮೇಲೆ ಸಾಮಾನ್ಯ ಸಕ್ಕರೆಗೆ ಮರಳಿಸಿದರು. ಉರಿಯೂತವನ್ನು ಎಬ್ಬಿಸುವ ಒಂದು ಜೀನಿನ ಸುತ್ತ ಆಗಿದ್ದ ಬದಲಾವಣೆ 6 ದಿನ ಕಳೆದರೂ ಉಳಿದಿತ್ತು. ಮನುಷ್ಯರಲ್ಲಿ ಇದಕ್ಕೆ ಹೊಂದುವ ಸಾಕ್ಷಿ ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನದ್ದು. ಹೊಸದಾಗಿ ಎರಡನೇ ಬಗೆಯ ಕಾಯಿಲೆ ಪತ್ತೆಯಾದವರಲ್ಲಿ ಮೊದಲ ವರ್ಷಗಳಿಂದಲೇ ಸಕ್ಕರೆಯನ್ನು ಬಿಗಿಯಾಗಿ ಹಿಡಿದ ಗುಂಪಿಗೂ ಉಳಿದವರಿಗೂ ನಡುವೆ ಸಕ್ಕರೆಯ ಮಟ್ಟದಲ್ಲಿದ್ದ ಅಂತರ, ಅಧ್ಯಯನ ಮುಗಿದ ಒಂದು ವರ್ಷದಲ್ಲೇ ಅಳಿಸಿಹೋಗಿತ್ತು. ಆದರೂ 10 ವರ್ಷದ ನಂತರ, 2008ರಲ್ಲಿ ಲೆಕ್ಕ ಹಾಕಿದಾಗ, ಮೊದಲು ಬಿಗಿ ಹಿಡಿದವರಲ್ಲಿ ಹೃದಯಾಘಾತವೂ ಸಾವೂ ಕಡಿಮೆ ಇದ್ದವು. ಪತ್ತೆಯಾದ ಮೊದಲ ಐದಾರು ವರ್ಷ, ಅಂದರೆ ಮೈಗೆ ಏನೂ ತ್ರಾಸವಿಲ್ಲದ ಅದೇ ವರ್ಷಗಳು, ಚಿಕಿತ್ಸೆಯ ಹೊನ್ನಿನ ಕಾಲ. ನಾವು ಗುಳಿಗೆ ಬಿಡುವುದು ಆ ವರ್ಷಗಳಲ್ಲೇ.

ಹಾಗಾದರೆ ಆಂಟಿಆಕ್ಸಿಡೆಂಟನ್ನು ಹೊರಗಿನಿಂದ ಕೊಟ್ಟರಾಯಿತಲ್ಲ ಎಂಬ ಪ್ರಶ್ನೆ ಬರುತ್ತದೆ. ಲೋಕದ ದೊಡ್ಡ ದೊಡ್ಡ ವೈದ್ಯರಿಗೂ ಬಂದಿತ್ತು. 2000ದಲ್ಲಿ ಹೊರಬಂದ ಹೋಪ್ ಅಧ್ಯಯನದಲ್ಲಿ 9,541 ಜನರಿದ್ದರು, ಅವರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆಯಿತ್ತು. ಸರಾಸರಿ ನಾಲ್ಕೂವರೆ ವರ್ಷ ದಿನಕ್ಕೆ 400 ಯೂನಿಟ್ ‘ಇ’ ಜೀವಸತ್ವ ಕೊಟ್ಟರೂ ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾಗಲಿಲ್ಲ. 2002ರಲ್ಲಿ ಬ್ರಿಟನ್ನಿನಲ್ಲಿ 20,536 ಜನರ ಮೇಲೆ ಇ, ಸಿ ಮತ್ತು ಬೀಟಾ ಕೆರೊಟಿನ್ ಮೂರನ್ನೂ ಕೂಡಿಸಿ ನೋಡಿದರು, ಆಗಲೂ ಫಲವಿಲ್ಲ. ಕೋಶದೊಳಗಿನ ರಕ್ಷಕ ಜೀನುಗಳನ್ನು ಎಬ್ಬಿಸುವ ಎನ್‌ಆರ್‌ಎಫ್2 ಎಂಬ ಸ್ವಿಚ್ಚನ್ನೇ ಔಷಧದಿಂದ ಒತ್ತುವ ಪ್ರಯತ್ನವೂ ನಡೆಯಿತು. ಬಾರ್ಡಾಕ್ಸೊಲೋನ್ ಎಂಬ ಆ ಔಷಧದ ದೊಡ್ಡ ಪ್ರಯೋಗವನ್ನು, ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಬಹಳ ಕೆಟ್ಟವರಲ್ಲಿ, 2012ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. ಔಷಧ ತೆಗೆದುಕೊಂಡವರಲ್ಲಿ ಹೃದಯದ ತೊಂದರೆ ಹೆಚ್ಚಾಗಿತ್ತು.

ಯಾಕೆ ಹೀಗೆ? ಗುಳಿಗೆಯ ಜೀವಸತ್ವ ಹುಟ್ಟಿದ ಕಿಡಿಗಳನ್ನು ಒಂದೊಂದಾಗಿ ಹಿಡಿಯಬೇಕು. ಸಕ್ಕರೆ ಏರಿರುವ ತನಕ ಕಿಡಿಗಳು ಹುಟ್ಟುತ್ತಲೇ ಇರುತ್ತವೆ, ಅದೂ ಮೈಟೊಕಾಂಡ್ರಿಯದ ಒಳಗೆ, ನುಂಗಿದ ಜೀವಸತ್ವ ಹೊತ್ತಿಗೆ ಸರಿಯಾಗಿ ತಲುಪದ ಜಾಗದಲ್ಲಿ. ಎನ್‌ಎಡಿಪಿಎಚ್ ಸೋರಿಕೆಯನ್ನು ಯಾವ ಜೀವಸತ್ವವೂ ನಿಲ್ಲಿಸುವುದಿಲ್ಲ. ಅದನ್ನು ನಿಲ್ಲಿಸುವುದು ಸಕ್ಕರೆ ಇಳಿಯುವುದರಿಂದ ಮಾತ್ರ. ಇದೇ ನಾನು ಇವತ್ತು ಹೇಳಬೇಕೆಂದು ಬಂದ ಮಾತು: ರಕ್ತನಾಳಕ್ಕೆ ನಾವು ಕೊಡಬಹುದಾದ ಎಲ್ಲಕ್ಕಿಂತ ಒಳ್ಳೆಯ ಆಂಟಿಆಕ್ಸಿಡೆಂಟ್ ಎಂದರೆ ಹತೋಟಿಯಲ್ಲಿರುವ ಸಕ್ಕರೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಜಾತ್ರೆಯಲ್ಲಿ, ಬಸ್ ನಿಲ್ದಾಣದ ಪಕ್ಕದಲ್ಲಿ, ಈಗ ಮೊಬೈಲಿನಲ್ಲೂ ‘ಆಂಟಿಆಕ್ಸಿಡೆಂಟ್’ ರಸ, ಪುಡಿ, ಕ್ಯಾಪ್ಸೂಲುಗಳು ಮಾರಾಟಕ್ಕಿವೆ. ಈ ತಾಲ್ಲೂಕಿನ ಒಬ್ಬ ರೈತರು ಅಂಥ ಒಂದು ಬಾಟಲಿಗೆ ಗೋವಿನಜೋಳದ ದುಡ್ಡಿನಲ್ಲಿ ದೊಡ್ಡ ಪಾಲನ್ನೇ ಸುರಿದು, ‘ಇದನ್ನ ಕುಡಿದ್ರ ಗುಳಿಗಿ ಬ್ಯಾಡ ಅಂದಾರ್ರಿ’ ಎಂದು ಗುಳಿಗೆ ನಿಲ್ಲಿಸಿದ್ದರು. ನನ್ನ ಹತ್ತಿರ ಬಂದಾಗ ಬಲಗಾಲಿನ ಹೆಬ್ಬೆರಳ ಕೆಳಗೆ ರೂಪಾಯಿ ನಾಣ್ಯದಷ್ಟು ಹುಣ್ಣು. ಸುತ್ತಲಿನ ಚರ್ಮ ದಪ್ಪಗಟ್ಟಿ ಹಳದಿಯಾಗಿತ್ತು. ಪರೀಕ್ಷಿಸುವ ನೈಲಾನ್ ಎಳೆಯನ್ನು ಅಂಗಾಲಿಗೆ ಬಾಗುವಷ್ಟು ಒತ್ತಿದರೂ ಅವರಿಗೆ ಗೊತ್ತಾಗಲಿಲ್ಲ, ನನ್ನ ಮುಖವನ್ನೇ ನೋಡುತ್ತ ‘ಒತ್ರಿ, ಒತ್ರಿ’ ಎನ್ನುತ್ತಿದ್ದರು. ಚಪ್ಪಲಿಯೊಳಗೆ ಸೇರಿದ್ದ ಒಂದು ಜಾಲಿಮುಳ್ಳು ಎಷ್ಟು ದಿನದಿಂದ ಚುಚ್ಚುತ್ತಿತ್ತೋ ಅವರಿಗೆ ತಿಳಿದಿರಲಿಲ್ಲ. ಹುಣ್ಣು ಮಾಯಲು ಬೇಕಾದ ರಕ್ತವನ್ನು ತರಬೇಕಾದ ಸಣ್ಣ ನಾಳಗಳ ಒಳಪದರವೇ ಸೊರಗಿದ್ದರೆ ಮುಲಾಮು ಏನು ಮಾಡೀತು? ಬೆರಳು ಹೋಯಿತು. ಪಾದ ಉಳಿಯಿತು. ಆ ಬಾಟಲಿ ಮಾರಿದವರ ಮೇಲೆ ನನಗಿರುವ ಸಿಟ್ಟು ಇನ್ನೂ ಇಳಿದಿಲ್ಲ.

ನಮ್ಮ ಊಟದಲ್ಲಿ ಒಳ್ಳೆಯದು ಬಹಳಷ್ಟಿದೆ. ಪುಂಡಿಪಲ್ಲೆ, ಮೆಂತ್ಯ, ಹಕ್ಕರಿಕೆ, ಮಡಿಕೆಕಾಳು, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಇವು ತಟ್ಟೆಯಲ್ಲಿದ್ದರೆ ಅನ್ನಕ್ಕೆ ಜಾಗ ತಾನಾಗಿ ಕಡಿಮೆಯಾಗುತ್ತದೆ, ಊಟದ ನಂತರದ ಏರಿಕೆಯೂ ತಗ್ಗುತ್ತದೆ. ಆದರೆ ಜೋಳದ ರೊಟ್ಟಿಯೂ ಪಿಷ್ಟವೇ. ರೊಟ್ಟಿ ಎಷ್ಟಾದರೂ ನಡೆಯುತ್ತದೆ ಎಂಬ ನಂಬಿಕೆ ಸರಿಯಲ್ಲ. ಊಟವಾದ ಮೇಲೆ ಕೂರದೆ ಹದಿನೈದು ನಿಮಿಷ ನಡೆದರೆ ಸ್ನಾಯುಗಳು ಇನ್ಸುಲಿನ್‌ಗೆ ಹೆಚ್ಚು ಕಾಯದೆ ಸಕ್ಕರೆ ಎಳೆದುಕೊಳ್ಳುತ್ತವೆ. ನಡೆಯಲು ಹಿರೇಕೆರೂರಿನ ದುರ್ಗಾದೇವಿ ಕೆರೆಯ ದಂಡೆ ಊರೊಳಗೇ ಇದೆ. ಬೀಡಿ, ಸಿಗರೇಟಿನ ಹೊಗೆ ಅದೇ ಒಳಪದರದ ಅದೇ ನೈಟ್ರಿಕ್ ಆಕ್ಸೈಡನ್ನು ಸುಡುತ್ತದೆ, ಬಿಪಿಯೂ ಅದೇ ಗೋಡೆಗೆ ಪೆಟ್ಟು ಕೊಡುತ್ತದೆ. ಸಕ್ಕರೆಯೊಂದನ್ನೇ ನೋಡಿಕೊಂಡು ಇವೆರಡನ್ನು ಬಿಟ್ಟರೆ ಕೆಲಸ ಅರ್ಧ ಮಾತ್ರ. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆಯಿದೆ, 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ ಎಂದು ಐಸಿಎಂಆರ್‌ನ ಇಂಡಿಯಾಬ್ ಅಧ್ಯಯನ 2023ರಲ್ಲಿ ಅಂದಾಜು ಮಾಡಿತು. 30 ವರ್ಷ ದಾಟಿದವರನ್ನು ಆಶಾ ಕಾರ್ಯಕರ್ತೆಯರು ಪರೀಕ್ಷೆಗೆ ಕರೆದಾಗ ‘ನಮಗೇನಾಗೇತವ್ವಾ’ ಎಂದು ತಿರುಗಿ ಕಳಿಸಬೇಡಿ.

ಕೊನೆಯದಾಗಿ, ಈ ಕಥೆ ತಾಯಿಯ ಬಸಿರಿನಿಂದಲೇ ಶುರುವಾಗುತ್ತದೆ ಎಂದು ತೋರಿಸುವ ಮೈಸೂರಿನ ಒಂದು ಸಂಗತಿ. ಅಲ್ಲಿಯ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಹುಟ್ಟಿದ ಶಿಶುಗಳ ತೂಕವನ್ನು ಬರೆದಿಟ್ಟುಕೊಂಡು ಬಂದಿತ್ತು. ಆ ದಪ್ಪ ರಿಜಿಸ್ಟರುಗಳನ್ನು ಹಿಡಿದು, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ಮೈಸೂರಿನ ಸುತ್ತಮುತ್ತಲೇ ಇದ್ದ 517 ಜನರನ್ನು ಹುಡುಕಿ ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಫಲಿತಾಂಶ: 45 ದಾಟಿದವರಲ್ಲಿ, ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆಯಿತ್ತು, 3.2 ಕಿಲೋ ಮೀರಿದವರಲ್ಲಿ ನೂರಕ್ಕೆ 3. ಸಕ್ಕರೆ ಕಾಯಿಲೆಯ ಲೆಕ್ಕ ಇನ್ನೊಂದು ತೆರನಾಗಿತ್ತು: ಗಿಡ್ಡಗೆ, ಉದ್ದಕ್ಕೆ ಮೀರಿದ ತೂಕದಿಂದ ಹುಟ್ಟಿದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಅದು ಹೆಚ್ಚು. ಮುಂದೆ 1997–98ರಲ್ಲಿ ಅದೇ ಆಸ್ಪತ್ರೆಯ ಗರ್ಭಿಣಿಯರಿಂದ ಪಾರ್ಥೆನಾನ್ ಅಧ್ಯಯನ ಶುರುವಾಯಿತು. ಅವರಲ್ಲಿ ನೂರಕ್ಕೆ ಸುಮಾರು 6 ಮಂದಿಗೆ ಬಸಿರಿನಲ್ಲಿ ಸಕ್ಕರೆ ಏರಿತ್ತು, ಅವರ ಮಕ್ಕಳ ಮೈಯಲ್ಲಿ ಕೊಬ್ಬು ಹೆಚ್ಚಿತ್ತು. ಬಸಿರಿನಲ್ಲಿ ಸಕ್ಕರೆ ಏರಿದ ತಾಯಂದಿರ ಹೊಕ್ಕುಳಬಳ್ಳಿಯ ಕೋಶಗಳಲ್ಲಿ ಉತ್ಕರ್ಷಣದ ಒತ್ತಡದ ಗುರುತುಗಳು ಹುಟ್ಟುವಾಗಲೇ ಕಾಣುತ್ತವೆ ಎಂದು ಬೇರೆ ಅಧ್ಯಯನಗಳು ಹೇಳಿವೆ.

ಸರ್ಕಾರದ ಮಾರ್ಗಸೂಚಿಯ ಪ್ರಕಾರ ಪ್ರತಿಯೊಬ್ಬ ಗರ್ಭಿಣಿಗೂ 75 ಗ್ರಾಂ ಗ್ಲುಕೋಸ್ ಕುಡಿಸಿ 2 ಗಂಟೆಯ ನಂತರ ರಕ್ತ ನೋಡಬೇಕು. ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28ನೇ ವಾರದಲ್ಲಿ ಇನ್ನೊಮ್ಮೆ. 140 ಅಥವಾ ಮೀರಿದರೆ ಚಿಕಿತ್ಸೆ. ಇದು ಈಗ ಸಾಕಷ್ಟು ನಡೆಯುತ್ತಿದೆ. ಹೆರಿಗೆಯಾದ 6 ವಾರಕ್ಕೆ ಮಾಡಬೇಕಾದ ಮರುಪರೀಕ್ಷೆಯೇ ನಮ್ಮಲ್ಲಿ ತಪ್ಪಿಹೋಗುತ್ತಿದೆ. ಚೊಚ್ಚಲಿಗೆ ತವರಿಗೆ ಬಂದ ಮಗಳು ಇಲ್ಲಿ ಹಡೆಯುತ್ತಾಳೆ, ತೊಟ್ಟಿಲ ಕಾರ್ಯ ಮುಗಿಸಿ ಕೆಲವು ತಿಂಗಳಲ್ಲಿ ಗಂಡನ ಊರಿಗೆ ಹೋಗುತ್ತಾಳೆ. ಅಲ್ಲಿಯ ಆಶಾ ಕಾರ್ಯಕರ್ತೆಗೆ ಇವಳ ಸಕ್ಕರೆಯ ಸುದ್ದಿ ಗೊತ್ತಿರುವುದಿಲ್ಲ, ತಾಯಿ ಕಾರ್ಡು ತವರುಮನೆಯ ಟ್ರಂಕಿನಲ್ಲೇ ಉಳಿದಿರುತ್ತದೆ. ಬಸಿರಿನಲ್ಲಿ ಸಕ್ಕರೆ ಕಂಡ ಹೆಣ್ಣುಮಕ್ಕಳಲ್ಲಿ ಮುಂದೆ ಕಾಯಿಲೆ ಬರುವ ಸಾಧ್ಯತೆ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು, ಅದು ಬರುವುದೂ ಸಣ್ಣ ವಯಸ್ಸಿಗೇ. ಇಲ್ಲಿ ಕೂತಿರುವ ತಾಯಂದಿರಲ್ಲಿ, ಅತ್ತೆಯಂದಿರಲ್ಲಿ ನನ್ನ ಬೇಡಿಕೆ ಇಷ್ಟೆ. ಮಗಳನ್ನು ಕಳಿಸುವಾಗ ಉಡಿ ತುಂಬುವ ದಿನವೇ ಆ ಕಾರ್ಡನ್ನು ಅವಳ ಚೀಲಕ್ಕೆ ಹಾಕಿ. ಸೊಸೆ ಬಂದ ವಾರದಲ್ಲಿ ಅದನ್ನು ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ತೋರಿಸಿ, 6 ವಾರದ ಪರೀಕ್ಷೆ ಆಗಿದೆಯೋ ಇಲ್ಲವೋ ಕೇಳಿ. ಆಗಿಲ್ಲದಿದ್ದರೆ ಎಷ್ಟು ತಿಂಗಳು ಕಳೆದಿದ್ದರೂ ಮಾಡಿಸಿ, ಆಮೇಲೆ ವರ್ಷಕ್ಕೊಮ್ಮೆ ಮಾಡಿಸುತ್ತಿರಿ.